48ನೆಯ ವಿಧಿಯ ಕಥೆ

1919ರಲ್ಲಿ ವೈಮಾರ್ ನಗರದಲ್ಲಿ ಅಂಗೀಕಾರವಾದ ಜರ್ಮನಿಯ ರಾಜ್ಯಾಂಗವು ಸ್ತ್ರೀಪುರುಷರಿಗೆ ಸಮಾನ ಮತಾಧಿಕಾರವಿದ್ದ ಉದಾರ ರಾಜ್ಯಾಂಗ. ಆದರೆ ಅದರ 48ನೆಯ ವಿಧಿಯು ವಿಪತ್ಕಾಲದಲ್ಲಿ ಸುಗ್ರೀವಾಜ್ಞೆಯಿಂದಲೇ ಆಳುವ ಅಧಿಕಾರವನ್ನು ಅಧ್ಯಕ್ಷರ ಕೈಗಿತ್ತಿತ್ತು.

1930ರ ಮಾರ್ಚಿಯಲ್ಲಿ ನಿರುದ್ಯೋಗ ವಿಮೆಯ ವಂತಿಗೆಯನ್ನು ಶೇಕಡಾ ಮೂರೂವರೆಯಿಂದ ನಾಲ್ಕಕ್ಕೇರಿಸುವ ಜಗಳದಲ್ಲಿ (ಇಷ್ಟಕ್ಕೇ!) ಸಂಯುಕ್ತ ಮಂತ್ರಿಮಂಡಲ ಮುರಿದುಬಿತ್ತು. ಆ ಬಳಿಕ ಅಧ್ಯಕ್ಷ ಹಿಂಡೆನ್‌ಬುರ್ಗ್ ಸುಗ್ರೀವಾಜ್ಞೆಗಳಿಗೆ ಸಹಿ ಹಾಕುತ್ತಲೇ ಹೋದರು. 1930ರಲ್ಲಿ ಸಂಸತ್ತಿನ ಕಾನೂನುಗಳು 98, ಸುಗ್ರೀವಾಜ್ಞೆಗಳು 5. 1932ರಲ್ಲಿ ಕಾನೂನುಗಳು 5, ಸುಗ್ರೀವಾಜ್ಞೆಗಳು 66. ದಿನವೂ ಕಡತಗಳ ನಡುವೆ ಕೂರುವ ನನ್ನಂಥವನಿಗೆ ಹಿಟ್ಲರನ ಭಾಷಣಗಳಿಗಿಂತ ಈ ಲೆಕ್ಕವೇ ಹೆಚ್ಚು ಭಯ ಹುಟ್ಟಿಸುತ್ತದೆ. ಆತ ಪ್ರಧಾನಿಯಾದ ತಿಂಗಳೊಳಗೆ, 1933ರ ಫೆಬ್ರವರಿ 28ರಂದು, ನಾಗರಿಕ ಹಕ್ಕುಗಳನ್ನು ಕಿತ್ತುಕೊಂಡದ್ದೂ ಇದೇ ವಿಧಿಯ ಬಲದಿಂದ.

1949ರಲ್ಲಿ ನಮ್ಮ ರಾಜ್ಯಾಂಗ ರಚನಾ ಸಭೆಯಲ್ಲಿ ತುರ್ತುಪರಿಸ್ಥಿತಿಯ ವಿಧಿಗಳು ಚರ್ಚೆಗೆ ಬಂದಾಗ, ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು ಎದ್ದು ನಿಂತು ಸಭೆಗೆ ನೆನಪಿಸಿದ್ದು ಈ ವೈಮಾರ್ ವಿಧಿಯನ್ನೇ.