ಪದವಿ ಶಿಕ್ಷಣದಲ್ಲಿ ಸಾಮಾನ್ಯ ವಿಷಯಗಳು: ಕೋಲಾರ ಸೀಮೆಯ ಕಾಲೇಜುಗಳ ನೆಲೆಯಿಂದ ಒಂದು ಪರಿಶೀಲನೆ

ಪದವಿ ತರಗತಿಯ ವಿದ್ಯಾರ್ಥಿಯು ತಾನು ಆರಿಸಿಕೊಂಡ ಐಚ್ಛಿಕ ವಿಷಯಗಳ ಜೊತೆಗೆ ಎಲ್ಲರಿಗೂ ಸಮಾನವಾದ ಕೆಲವು ವಿಷಯಗಳನ್ನು ಕಡ್ಡಾಯವಾಗಿ ಓದಬೇಕೆಂಬ ನಿಯಮ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲದಿಂದ ಇದೆ. ಭಾಷೆ, ಸಂವಿಧಾನ, ಪರಿಸರ, ಕಂಪ್ಯೂಟರ್ ಪರಿಚಯ ಮೊದಲಾದವು ಈ ವರ್ಗಕ್ಕೆ ಸೇರುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಕಾಲೇಜುಗಳು ದೀರ್ಘಕಾಲ ಬೆಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಆ ವಿಶ್ವವಿದ್ಯಾಲಯ ಮೂರಾಗಿ ವಿಭಜನೆಗೊಂಡ ಬಳಿಕ, 2017ರಿಂದ ಅವು ಕೋಲಾರದ ಟಮಕದಲ್ಲಿ ಆಡಳಿತ ಕಚೇರಿಯುಳ್ಳ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಒಳಪಟ್ಟವು. ಹೊಸ ವಿಶ್ವವಿದ್ಯಾಲಯ ಇನ್ನೂ ನೆಲೆಯೂರುತ್ತಿದ್ದಾಗಲೇ, 2021 ಮತ್ತು 2024ರಲ್ಲಿ, ಪದವಿಯ ಚೌಕಟ್ಟು ಎರಡು ಬಾರಿ ಬದಲಾಯಿತು. ಎರಡು ಸಲವೂ ಹೆಚ್ಚಿನ ಪೆಟ್ಟು ಬಿದ್ದುದು ಸಾಮಾನ್ಯ ವಿಷಯಗಳಿಗೆ.

ಈ ವಿಚಾರ ಹೊಸದೇನಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿಯೊಂದು ಸಾಮಾನ್ಯ ಶಿಕ್ಷಣವನ್ನು ಕುರಿತು ತನ್ನ ಪ್ರಸಿದ್ಧ ವರದಿಯನ್ನು ಪ್ರಕಟಿಸಿದ್ದು 1945ರಲ್ಲಿ. ಭಾರತದಲ್ಲಿ 1948–49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ, ವಿಶೇಷ ಅಧ್ಯಯನದೊಡನೆ ಸಾಮಾನ್ಯ ಶಿಕ್ಷಣವೂ ಇರಬೇಕೆಂದು ಬಲವಾಗಿ ಪ್ರತಿಪಾದಿಸಿತು. ಅದರ ಅಧ್ಯಕ್ಷರಾಗಿದ್ದ ಸರ್ವೆಪಲ್ಲಿ ರಾಧಾಕೃಷ್ಣನ್ ಹಿಂದೆ ಮೈಸೂರು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದವರು. ಹಾರ್ವರ್ಡ್ ವರದಿ ಬಂದ 1945ರಲ್ಲಿಯೇ ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರೆಂಬುದು ಆಕಸ್ಮಿಕವಾದರೂ ಗಮನಾರ್ಹ. ಕಾಲೇಜಿನ ಮೆಟ್ಟಿಲು ಹತ್ತದ ಅವರು ಪೌರನಿಗೆ ರಾಜ್ಯಶಾಸ್ತ್ರದ ತಿಳಿವಳಿಕೆ ಕೊಡುವ ಕೆಲಸವನ್ನು ವಿಶ್ವವಿದ್ಯಾಲಯದ ಹೊರಗೇ ಮಾಡಿದರು.

ಒಳಗಿನ ಸ್ಥಿತಿ ಬೇರೆಯಾಗಿತ್ತು. ಪರಿಸರ ವಿಷಯವನ್ನೇ ನೋಡಬಹುದು. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನೀಡಿದ ನಿರ್ದೇಶನ, 2003ರಲ್ಲಿ ಅದರ ಪುನರುಚ್ಚಾರ, ಆ ಬಳಿಕ ವಿಶ್ವವಿದ್ಯಾಲಯ ಅನುದಾನ ಆಯೋಗದ ಏಕರೂಪ ಪಠ್ಯಕ್ರಮ, ಹೀಗೆ ಅದು ಎಲ್ಲ ಪದವಿ ತರಗತಿಗಳಿಗೂ ಬಂತು. ಆದರೆ ಅದನ್ನು ಬೋಧಿಸುವವರು ಯಾರು? ಕನ್ನಡಕ್ಕೆ ವಿಭಾಗವಿದೆ, ಹುದ್ದೆಯಿದೆ, ಅಧ್ಯಯನ ಮಂಡಳಿಯಿದೆ. ಪರಿಸರ, ಸಂವಿಧಾನಗಳಂಥ ಕಡ್ಡಾಯ ಪತ್ರಿಕೆಗಳಿಗೆ ಸಾಮಾನ್ಯವಾಗಿ ಇವೊಂದೂ ಇಲ್ಲ. ಯಾರ ಕಾರ್ಯಭಾರದಲ್ಲಿ ಗಂಟೆಗಳು ಕಡಿಮೆ ಬೀಳುತ್ತವೆಯೋ ಅವರಿಗೆ ಅವು ಹಂಚಿಕೆಯಾಗುತ್ತವೆ; ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜುಗಳಲ್ಲಿ ಆ ಪಾಲು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರದು. ವಿದ್ಯಾರ್ಥಿಯೂ ಅದನ್ನು ಉತ್ತೀರ್ಣತೆಯ ಅಂಕಕ್ಕಷ್ಟೇ ಓದುತ್ತಾನೆ. ಪಠ್ಯಕ್ರಮ ಪರಿಷ್ಕರಣೆಯ ಚರ್ಚೆಗಳು ಯಾವ ವಿಷಯ ಸೇರಬೇಕು, ಯಾವುದು ಬಿಡಬೇಕು ಎಂಬುದರಲ್ಲೇ ಮುಗಿಯುವುದರಿಂದ ವಿಷಯವನ್ನು ಹೊತ್ತು ನಡೆಸುವ ಅಧ್ಯಾಪಕನ ಪ್ರಶ್ನೆ ಪ್ರತಿಸಲವೂ ಹಾಗೆಯೇ ಉಳಿಯುತ್ತದೆ.

ರಾಷ್ಟ್ರೀಯ ಶಿಕ್ಷಣ ನೀತಿಯನ್ವಯ 2021–22ರಿಂದ ಕರ್ನಾಟಕದಲ್ಲಿ ಜಾರಿಗೊಂಡ ಚೌಕಟ್ಟು ಸಾಮಾನ್ಯ ಶಿಕ್ಷಣಕ್ಕೆ ಹಿಂದೆಂದೂ ಇಲ್ಲದ ವಿಸ್ತಾರ ನೀಡಿತು. ಮೊದಲ ನಾಲ್ಕು ಸೆಮಿಸ್ಟರುಗಳಲ್ಲಿ ಎರಡು ಭಾಷೆ, ಮೂರು ಕ್ರೆಡಿಟ್‌ಗಳ ಮುಕ್ತ ಆಯ್ಕೆ ವಿಷಯ, ಡಿಜಿಟಲ್ ಸಾಕ್ಷರತೆ, ಯೋಗ, ಆರೋಗ್ಯ, ಕ್ರೀಡೆ ಎಲ್ಲವೂ ಬಂದವು. ವಾಣಿಜ್ಯದ ವಿದ್ಯಾರ್ಥಿ ಇತಿಹಾಸವನ್ನು, ವಿಜ್ಞಾನದ ವಿದ್ಯಾರ್ಥಿನಿ ಅರ್ಥಶಾಸ್ತ್ರವನ್ನು ಓದಬಹುದೆಂಬುದು ಮುಕ್ತ ಆಯ್ಕೆಯ ಆಶಯ. ಆಶಯದಲ್ಲಿ ಕುಂದಿಲ್ಲ. ಹತ್ತಾರು ವಿಭಾಗಗಳಿರುವ ನಗರದ ಕಾಲೇಜಿನಲ್ಲಿ ಅದು ನಿಜವಾದ ಆಯ್ಕೆಯೂ ಹೌದು. ಕೆಲವೇ ವಿಭಾಗಗಳು, ಅವುಗಳಲ್ಲೂ ಖಾಲಿ ಹುದ್ದೆಗಳಿರುವ ಸಣ್ಣ ಕಾಲೇಜಿನಲ್ಲಿ ವೇಳಾಪಟ್ಟಿಗೆ ಹೊಂದುವುದೇ ಆಯ್ಕೆ. ಹಳ್ಳಿಯಿಂದ ಬಸ್ಸು ಹಿಡಿದು ಬಂದು ಸಂಜೆಯ ಬಸ್ಸಿಗೇ ಮರಳಬೇಕಾದ ವಿದ್ಯಾರ್ಥಿನಿಗೆ ನಾಲ್ಕು ಗಂಟೆಯ ಮೇಲಿಟ್ಟ ತರಗತಿ ಇದ್ದೂ ಇಲ್ಲದಂತೆ.

ಇದೇ ಚೌಕಟ್ಟಿನಡಿ ಕನ್ನಡವನ್ನು ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಕಡ್ಡಾಯಗೊಳಿಸಿದ 2021ರ ಸರ್ಕಾರಿ ಆದೇಶ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2022ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ಆ ಕಡ್ಡಾಯಕ್ಕೆ ಮಧ್ಯಂತರ ತಡೆ ನೀಡಿತು. ವಾದ ನಡೆದದ್ದು ಬಹುಪಾಲು ರಾಜಧಾನಿಯ ವಿದ್ಯಾರ್ಥಿಯನ್ನು ಮುಂದಿಟ್ಟುಕೊಂಡು. ಗಡಿಯ ಶ್ರೀನಿವಾಸಪುರ, ಮುಳಬಾಗಿಲುಗಳ ಸನ್ನಿವೇಶ ಅದಕ್ಕಿಂತ ಭಿನ್ನ. ಇಲ್ಲಿ ಮನೆಯ ಮಾತು ತೆಲುಗಾದ, ಉರ್ದುವಾದ ಅನೇಕ ಮಕ್ಕಳು ಕನ್ನಡ ಮಾಧ್ಯಮದಲ್ಲೇ ಓದಿ ಪದವಿಗೆ ಬರುತ್ತಾರೆ. ಅವರಿಗೆ ಕನ್ನಡ ಹೇರಿಕೆಯಲ್ಲ; ನೌಕರಿಯ ಪರೀಕ್ಷೆಗೂ ಕಚೇರಿಯ ಅರ್ಜಿಗೂ ಒದಗುವ ಬರಹದ ಭಾಷೆ. ಮಾಸ್ತಿಯವರ ಊರು ಮಾಲೂರು ತಾಲ್ಲೂಕಿನಲ್ಲಿದೆ, ಅವರ ಮನೆಮಾತು ತಮಿಳು. ಭಾಷಾಪತ್ರಿಕೆಯ ಬೋಧನೆಯಲ್ಲಿ ಈ ಬಹುಭಾಷಿಕತೆಯನ್ನು ದೋಷವೆಂದಲ್ಲದೆ ಸಾಮಗ್ರಿಯೆಂದು ಬಳಸುವ ಪಠ್ಯ ರೂಪುಗೊಂಡಿದ್ದರೆ ಕಡ್ಡಾಯದ ವಾದಕ್ಕೆ ಹೆಚ್ಚಿನ ಬಲ ಬರುತ್ತಿತ್ತು.

2023ರ ಅಕ್ಟೋಬರ್‌ನಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಆಧಾರದಲ್ಲಿ 2024ರ ಮೇ ತಿಂಗಳ ಆದೇಶವು ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಮೂರು ವಿಷಯಗಳ ಹಳೆಯ ಸಂಯೋಜನೆಯೂ ಹಿಂದಿರುಗಿತು. ಆ ವರ್ಷ ಒಂದೇ ಕಾಲೇಜಿನ ಪ್ರಥಮ ವರ್ಷಕ್ಕೆ ಒಂದು ನಿಯಮ, ದ್ವಿತೀಯ, ತೃತೀಯ ವರ್ಷಗಳಿಗೆ ಇನ್ನೊಂದು. ಮುಕ್ತ ಆಯ್ಕೆಯ ಗಂಟೆಗಳನ್ನು ನಂಬಿದ್ದ ಅತಿಥಿ ಉಪನ್ಯಾಸಕನ ಕಾರ್ಯಭಾರ ಏನಾಗಬೇಕೆಂಬುದು ಇಂಥ ಆದೇಶಗಳ ವ್ಯಾಪ್ತಿಗೆ ಬರುವ ಸಂಗತಿಯಲ್ಲ. ಆಯೋಗದ ಅಂತಿಮ ವರದಿ 2025ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ಸಲ್ಲಿಕೆಯಾಗಿದೆ.

ಚೌಕಟ್ಟು ಯಾವುದೇ ಇರಲಿ, ಪರಿಸರ ಮತ್ತು ಸಂವಿಧಾನ ಉಳಿದೇ ಉಳಿಯುತ್ತವೆ. ಆದ್ದರಿಂದ ಪರಿಷ್ಕರಣೆಯ ಶ್ರಮ ಅವುಗಳ ಒಳಗಿನ ಪಾಠಕ್ಕೆ ಸಲ್ಲಬೇಕು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರು ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಣೆಗೊಂಡು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಬಂತೆನ್ನುವ ರೈತರೂ ಇದ್ದಾರೆ, ಮೂರನೆಯ ಹಂತದ ಸಂಸ್ಕರಣೆ ಬೇಕೆಂದು ನ್ಯಾಯಾಲಯಕ್ಕೆ ಹೋದವರೂ ಇದ್ದಾರೆ. ಅಂತರ್ಜಲ, ಫ್ಲೋರೈಡ್, ನಗರ ಮತ್ತು ಹಳ್ಳಿಯ ನಡುವಣ ಹಕ್ಕು, ಮಾಲಿನ್ಯದ ಕಾನೂನು ಎಲ್ಲವೂ ಈ ಒಂದು ಕೆರೆಯ ದಂಡೆಯಲ್ಲಿವೆ. ಸಂವಿಧಾನದ ಪತ್ರಿಕೆಗೂ ಹಾಗೆಯೇ: 2000ದ ಮಾರ್ಚ್‌ನಲ್ಲಿ ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟ ಪ್ರಕರಣವನ್ನು ಬದಿಗಿಟ್ಟು ಸಮಾನತೆಯ ಹಕ್ಕನ್ನು ಈ ನೆಲದಲ್ಲಿ ಬೋಧಿಸುವುದು ವಿಧಿಗಳ ಕ್ರಮಸಂಖ್ಯೆಯನ್ನು ಬಾಯಿಪಾಠ ಮಾಡಿಸಿದಂತೆ. ಪಠ್ಯದ ಒಂದು ಘಟಕವನ್ನಾದರೂ ಜಿಲ್ಲೆಯ ಅಧ್ಯಾಪಕರೇ ರಚಿಸಲು, ಅದಕ್ಕೆ ಕ್ಷೇತ್ರಕಾರ್ಯದ ಅಂಕ ಇಡಲು ಅಧ್ಯಯನ ಮಂಡಳಿ ಅವಕಾಶ ಕೊಟ್ಟರೆ, ಮುಳಬಾಗಿಲಿನ ವಿದ್ಯಾರ್ಥಿನಿ ತನ್ನೂರಿನ ಬಾವಿನೀರಿನ ಪರೀಕ್ಷಾ ವರದಿಯನ್ನೇ ತರಗತಿಗೆ ತರಬಲ್ಲಳು.