ಸ್ಥಿರಾಸ್ತಿ ವಕೀಲರ ಸಾರ್ವಜನಿಕ ಸೇವೆ: ವರ್ತಕರು ತಿಳಿದಿರಬೇಕಾದ ಸಂಗತಿಗಳು

ಸ್ಥಿರಾಸ್ತಿ ವ್ಯವಹಾರಗಳಲ್ಲಿ ಪರಿಣತರಾದ ವಕೀಲರನ್ನು ಕ್ರಯಪತ್ರ ನೋಂದಾಯಿಸುವಾಗ ಮಾತ್ರ ನೆನೆಯುವುದು ರೂಢಿ. ಆದರೆ ಆ ಪರಿಣತಿಯು ಶುಲ್ಕದ ಅಪೇಕ್ಷೆಯಿಲ್ಲದೆ ಸಮಾಜಕ್ಕೆ ಒದಗಿದಾಗ ಊರಿಗೂ ವ್ಯಾಪಾರಕ್ಕೂ ಲಾಭವಿದೆ.

ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಹಂಚಿದಾಗ ನಿವಾಸಿಗಳು ನ್ಯಾಯಾಲಯದ ಮೊರೆಹೊಕ್ಕರು. ಆ ಹಂಚಿಕೆ ಸಿಂಧುವಲ್ಲವೆಂಬ ತೀರ್ಪನ್ನು ಸುಪ್ರೀಂ ಕೋರ್ಟು 1991ರಲ್ಲಿ ಎತ್ತಿಹಿಡಿಯಿತು. ಬಡಾವಣೆ ನಕ್ಷೆಯನ್ನೂ ಕಾಯಿದೆಯನ್ನೂ ಒಟ್ಟಿಗೆ ಓದಬಲ್ಲ ವಕೀಲರಿಲ್ಲದೆ ಇಂತಹ ಸಾರ್ವಜನಿಕ ಸ್ವತ್ತುಗಳ ರಕ್ಷಣೆ ಕಷ್ಟಸಾಧ್ಯ. ಅಶಕ್ತರಿಗೆ ಉಚಿತ ನೆರವು ನೀಡುವುದು ವಕೀಲರ ಪರಮ ಕರ್ತವ್ಯಗಳಲ್ಲೊಂದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಹೇಳುತ್ತವೆ.

ಬಾಡಿಗೆ ಕರಾರಿನ ಅಪಾಯ

ಬಾಡಿಗೆ ಶೆಡ್ಡಿನಲ್ಲಿ ಕೈಗಾರಿಕೆ ನಡೆಸುವವರು ಒಂದು ಅಂಶವನ್ನು ಗಮನಿಸಬೇಕು. ಕರಾರು ಅಥವಾ ಸ್ಥಳೀಯ ಕಾನೂನು ಬೇರೆ ರೀತಿ ಹೇಳದಿದ್ದಲ್ಲಿ, ಸ್ವತ್ತು ವರ್ಗಾವಣೆ ಕಾಯಿದೆ 1882ರ 106ನೇ ಕಲಮಿನಂತೆ ತಯಾರಿಕಾ ಉದ್ದೇಶದ ಗುತ್ತಿಗೆಯನ್ನು ಕೊನೆಗೊಳಿಸಲು ಆರು ತಿಂಗಳ ನೋಟಿಸು ಅಗತ್ಯ. ಇತರ ಗುತ್ತಿಗೆಗಳಿಗೆ 15 ದಿನ ಸಾಕು. ಆದರೆ ಗುತ್ತಿಗೆ ಪತ್ರ ನೋಂದಣಿಯಾಗದಿದ್ದರೆ ಈ ಆರು ತಿಂಗಳ ರಕ್ಷಣೆ ದೊರೆಯದೆಂದು ಸುಪ್ರೀಂ ಕೋರ್ಟು 2001ರಲ್ಲಿ ತೀರ್ಪಿತ್ತಿದೆ. ಯಂತ್ರಗಳನ್ನು ಅಳವಡಿಸಿ, ಬ್ಯಾಂಕಿನಿಂದ ಸಾಲ ಪಡೆದು ದುಡಿಯುತ್ತಿರುವ ಘಟಕವೊಂದು 15 ದಿನಗಳ ನೋಟಿಸಿಗೆ ಗುರಿಯಾಗಬಹುದು. ನೋಂದಣಿಯ ಖರ್ಚನ್ನು ಉಳಿಸಿದ ಲೆಕ್ಕ ಆಗ ತಲೆಕೆಳಗಾಗುತ್ತದೆ. ಕರಾರಿಗೆ ಸಹಿ ಹಾಕುವ ಮುನ್ನ ವಕೀಲರೊಡನೆ ಕಳೆದ ಒಂದು ಗಂಟೆ ಈ ನಷ್ಟವನ್ನು ತಪ್ಪಿಸಬಲ್ಲದು.

ಅಂತೆಯೇ, ಖಾತೆಯು ತೆರಿಗೆ ಉದ್ದೇಶದ ದಾಖಲೆಯೇ ಹೊರತು ಮಾಲೀಕತ್ವದ ಪುರಾವೆಯಲ್ಲ. ನೋಂದಣಿಯಾಗದ ಕರಾರುಗಳು ಋಣಭಾರ ಪ್ರಮಾಣಪತ್ರದಲ್ಲಿ ಕಾಣಿಸುವುದಿಲ್ಲ.

ಉಚಿತ ನೆರವು ಯಾರಿಗೆ?

ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1987 ಜಾರಿಗೆ ಬಂದದ್ದು 9 ನವೆಂಬರ್ 1995ರಂದು. ಅದರ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ನೆರೆ ಹಾಗೂ ಕೈಗಾರಿಕಾ ದುರಂತದ ಸಂತ್ರಸ್ತರು, ಕೈಗಾರಿಕಾ ಕಾರ್ಮಿಕರು ಉಚಿತ ವಕೀಲರನ್ನು ಪಡೆಯಬಹುದು. ಇವರಿಗೆ ಆದಾಯದ ಮಿತಿಯಿಲ್ಲ. ಇತರರಿಗೆ ಸರ್ಕಾರ ನಿಗದಿಪಡಿಸಿದ ಆದಾಯ ಮಿತಿ ಅನ್ವಯಿಸುತ್ತದೆ. ಪ್ರಕರಣದಲ್ಲಿ ಮೇಲ್ನೋಟಕ್ಕಾದರೂ ಹುರುಳಿರಬೇಕು. ಪತಿಯ ನಿಧನದ ನಂತರ ಅಂಗಡಿ ನಡೆಸುತ್ತಿರುವ ಮಹಿಳೆಗೂ ಈ ಹಕ್ಕಿದೆಯೆಂಬುದು ಅನೇಕರಿಗೆ ತಿಳಿದಿಲ್ಲ. ಸಹಾಯವಾಣಿ ಸಂಖ್ಯೆ 15100.

ಲೋಕ ಅದಾಲತ್

ಉಭಯ ಪಕ್ಷಗಳೂ ಒಪ್ಪಿದಲ್ಲಿ ಬಾಡಿಗೆ, ಪಾಲು, ಹಣ ವಸೂಲಿ ಮುಂತಾದ ವ್ಯಾಜ್ಯಗಳು ಇಲ್ಲಿ ಇತ್ಯರ್ಥವಾಗುತ್ತವೆ. ಅದರ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಮಾನ್ಯತೆಯಿದೆ, ಮೇಲ್ಮನವಿಗೆ ಅವಕಾಶವಿಲ್ಲ. ಬಾಕಿಯಿದ್ದ ಪ್ರಕರಣ ಹೀಗೆ ಇತ್ಯರ್ಥವಾದರೆ ನ್ಯಾಯಾಲಯಕ್ಕೆ ಕಟ್ಟಿದ ಶುಲ್ಕ ಮರಳಿ ದೊರೆಯುತ್ತದೆ.

ವಾಣಿಜ್ಯ ಸಂಸ್ಥೆಗಳು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಸಹಯೋಗದಲ್ಲಿ ತಿಂಗಳಿಗೊಮ್ಮೆ ಸಲಹಾ ಶಿಬಿರ ನಡೆಸಿದರೆ ಸಣ್ಣ ವರ್ತಕರಿಗೂ ಅವರಲ್ಲಿ ದುಡಿಯುವ ಕಾರ್ಮಿಕರಿಗೂ ಅನುಕೂಲವಾಗುವುದು. ವ್ಯಾಜ್ಯ ಹುಟ್ಟಿದ ಮೇಲೆ ವೆಚ್ಚ ಮಾಡುವುದಕ್ಕಿಂತ ಹುಟ್ಟದಂತೆ ಎಚ್ಚರ ವಹಿಸುವುದೇ ಲೇಸು.