ನಿಮಗಿದು ಗೊತ್ತೇ? ದವಾಖಾನೆಯ ರೊಕ್ಕ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

ಬೆಳಗಾವಿಯ ಟಿಳಕವಾಡಿಯಲ್ಲಿರುವ ವ್ಯಾಕ್ಸಿನ್ ಡಿಪೋದಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವವರು ಬಹಳ. ಅಲ್ಲಿ ತಯಾರಾಗುತ್ತಿದ್ದದ್ದು ಸಿಡುಬಿನ ಲಸಿಕೆ ಎಂಬುದು ಎಷ್ಟು ಜನರಿಗೆ ಗೊತ್ತು? ಕರುಗಳ ಚರ್ಮದ ಮೇಲೆ ಬೆಳೆಸಿ, ಕೆರೆದು ತೆಗೆದು, ಶುದ್ಧ ಮಾಡಿದ ಲಸಿಕೆ ಅದು. ಕಟ್ಟಿಸಿದ್ದೂ ನಡೆಸಿದ್ದೂ ಸರ್ಕಾರದ ದುಡ್ಡು. 1977ರಲ್ಲಿ ಭಾರತ ಸಿಡುಬುಮುಕ್ತವೆಂದು ಘೋಷಣೆಯಾಯಿತು. ಕೆಲಸ ಮುಗಿದರೂ ಹೆಸರು ಉಳಿದಿದೆ.

ಬಾಣಂತಿಯರ ಜೀವ ಉಳಿಸುವ ಒಂದು ಅಗ್ಗದ ಗುಳಿಗೆಗೆ ಜಗತ್ತಿನ ಮುಂದೆ ಸಾಕ್ಷಿ ಹೇಳಿದ್ದು ನಮ್ಮ ಜಿಲ್ಲೆಯ ಹಳ್ಳಿಗಳು. ಹೆರಿಗೆಯ ನಂತರ ರಕ್ತ ನಿಲ್ಲದಿದ್ದರೆ ದೊಡ್ಡಾಸ್ಪತ್ರೆ ಮುಟ್ಟುವ ಮೊದಲೇ ತಾಯಿ ಹೋಗಿಬಿಡಬಹುದು. 2002ರಿಂದ 2005ರವರೆಗೆ ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ತಜ್ಞರ ಜೊತೆ ಸೇರಿ, ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಹೆಣ್ಣುಮಕ್ಕಳೊಂದಿಗೆ ಪ್ರಯೋಗ ನಡೆಸಿದರು. ಅರ್ಧ ಜನರಿಗೆ ಮಿಸೊಪ್ರೊಸ್ಟಾಲ್, ಉಳಿದರ್ಧಕ್ಕೆ ಔಷಧವಿಲ್ಲದ ಗುಳಿಗೆ. ಕೊಟ್ಟವರು ಡಾಕ್ಟರಲ್ಲ, ಊರೂರಿನ ನರ್ಸಬಾಯಿಯರು. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಬರೆದುಕೊಳ್ಳಲಿಲ್ಲ. ಬಾಣಂತಿಯ ಸೊಂಟದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ತುದಿಗೆ ಅಳತೆಗೆರೆಗಳಿದ್ದ ಚೀಲ ಇಳಿಬಿಟ್ಟು ಎಷ್ಟು ಮಿಲಿಲೀಟರ್ ಎಂದು ಓದಿದರು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಉದ್ದೇಶಕ್ಕೆ ಈ ಗುಳಿಗೆಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅನುದಾನ ಬಂದದ್ದು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯಿಂದ ಮತ್ತು ಗೇಟ್ಸ್ ಪ್ರತಿಷ್ಠಾನದಿಂದ. ಶ್ರಮ ಮಾತ್ರ ನಮ್ಮ ನರ್ಸಬಾಯಿಯರದು. ಅವರಿಗೊಂದು ಸತ್ಕಾರ ಸಮಾರಂಭವಾದರೂ ಆಗಬೇಕಿತ್ತು ಎನಿಸುತ್ತದೆ ನನಗೆ.

ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಪ್ರತಿ 100 ರೂಪಾಯಿಗೆ 60 ದಿಲ್ಲಿಯದು, 40 ಬೆಂಗಳೂರಿನದು.

ಆಸ್ಪತ್ರೆಯ ಬಲ್ಬು, ನಲ್ಲಿ, ಸೋರುವ ಮಾಡಿಗೆಲ್ಲ ಬೆಂಗಳೂರಿನ ಅನುಮತಿ ಕಾಯಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಗೆ ವರ್ಷಕ್ಕೆ 1.75 ಲಕ್ಷ ರೂಪಾಯಿವರೆಗೆ ಕೊಡಲು ಅಭಿಯಾನದಲ್ಲಿ ಅವಕಾಶವಿದೆ. ಇಂಥ ಸಮಿತಿಯ ಮೂಲ ಮಧ್ಯಪ್ರದೇಶದ ಇಂದೋರ್. 1990ರ ದಶಕದಲ್ಲಿ ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಹೊಲಸು, ಇಲಿ ಮಿತಿಮೀರಿದಾಗ ಹುಟ್ಟಿದ್ದು.

ಬಯಲುಸೀಮೆಯಲ್ಲಿ 5,000 ಜನರಿಗೊಂದು ಆರೋಗ್ಯ ಉಪಕೇಂದ್ರ, ಗುಡ್ಡಗಾಡಿನಲ್ಲಿ 3,000 ಜನರಿಗೊಂದು. ಇದು ಸರ್ಕಾರದ ಲೆಕ್ಕ. ಈಗ ಖಾನಾಪುರ ತಾಲೂಕಿನ ಭೀಮಗಡ ಕಾಡಿಗೆ ಬನ್ನಿ. ಆಮಗಾಂವ, ಗವಾಳಿ, ಕೃಷ್ಣಾಪುರದಂಥ ಊರುಗಳಲ್ಲಿ ಇರುವುದೇ ಕೆಲವು ನೂರು ಜನ. ಮೂರು ಸಾವಿರ ತಲೆ ಕೂಡಿಸಬೇಕಾದರೆ ಎಷ್ಟು ಹಳ್ಳ ದಾಟಬೇಕು! ಕೆಲವು ವರ್ಷ 10,000 ಮಿಲಿಮೀಟರ್ ಮೀರಿ ಮಳೆ ಸುರಿದ ಆಮಗಾಂವದಿಂದ 2024ರ ಮಳೆಗಾಲದಲ್ಲಿ ಒಬ್ಬ ಹೆಣ್ಣುಮಗಳನ್ನು ಕಟ್ಟಿಗೆಯ ಚಟ್ಟದಂಥ ಡೋಲಿಯಲ್ಲಿ ಮಲಗಿಸಿ, ಊರವರು ಕಾಡುದಾರಿಯಲ್ಲಿ ಹೊತ್ತು ತಂದರು. ಆಂಬ್ಯುಲೆನ್ಸ್ ಕಾದಿದ್ದು ರಸ್ತೆ ಇದ್ದಲ್ಲಿ. 108 ಸೇವೆ ರಾಜ್ಯದಲ್ಲಿ ಆರಂಭವಾದದ್ದು 2008ರ ನವೆಂಬರ್ 1ರಂದು. ಆದರೆ ಗಾಡಿಗೆ ದಾರಿ ಬೇಕಲ್ಲ! ಕಾಡಿನ ಊರಿಗೆ ಅನುದಾನ ಅಳೆಯುವಾಗ ತಲೆ ಎಣಿಸಿದರೆ ಸಾಲದು, ಹಳ್ಳವನ್ನೂ ಎಣಿಸಬೇಕು.

ಬೆಳಗಾವಿಯ ರವಿವಾರ ಪೇಟೆಯಲ್ಲಿ ಕಥೆ ಉಲ್ಟಾ. ಇಲ್ಲಿ ದಾರಿಯೂ ಇದೆ, ದವಾಖಾನೆಯೂ ಇದೆ, ಹೊತ್ತು ಹೊಂದುವುದಿಲ್ಲ. ಬಡ ಬಡಾವಣೆಗಳ ಜನರಿಗೆಂದು 2022ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ‘ನಮ್ಮ ಕ್ಲಿನಿಕ್’ ಶುರು ಮಾಡಿತು. ರಾಜ್ಯಕ್ಕೆ ಒಟ್ಟು 438 ಕ್ಲಿನಿಕ್, ಒಬ್ಬ ವೈದ್ಯರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಬೆಳಿಗ್ಗೆ 9ರಿಂದ ಸಂಜೆ 4.30. ಯೋಜನೆ ಒಳ್ಳೆಯದೇ. ಆದರೆ ಕಿರಾಣಿ ಸಗಟು ಪೇಟೆಯಲ್ಲಿ ಹಮಾಲ ಲಾರಿಯಿಂದ ಚೀಲ ಇಳಿಸುವುದೂ ಅದೇ ಹೊತ್ತಿಗೆ. ಬಿ.ಪಿ. ತೋರಿಸಲು ಹೋದರೆ ಅವತ್ತಿನ ಪಗಾರಕ್ಕೆ ಕತ್ತರಿ. 2013ರಲ್ಲಿ ನಗರ ಆರೋಗ್ಯ ಅಭಿಯಾನ ರೂಪಿಸಿದವರು ಇದನ್ನು ಮೊದಲೇ ಯೋಚಿಸಿದ್ದರು: ನಗರದ ಕೇಂದ್ರಗಳ ಹೊರರೋಗಿ ವಿಭಾಗ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಇರಲಿ ಎಂದಿತ್ತು ಆ ಮಾರ್ಗಸೂಚಿ.

ಅಮೆರಿಕದಲ್ಲಿ ಹಿಂದುಳಿದ ಬಡಾವಣೆಗಳ ಆರೋಗ್ಯ ಕೇಂದ್ರಕ್ಕೆ ಕೇಂದ್ರ ಸರ್ಕಾರದ ಅನುದಾನ ಬೇಕಾದರೆ ಒಂದು ಷರತ್ತು: ಆಡಳಿತ ಮಂಡಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅಲ್ಲಿಯೇ ಚಿಕಿತ್ಸೆ ಪಡೆಯುವವರಾಗಿರಬೇಕು. ಈ ಕೇಂದ್ರಗಳು 1965ರಲ್ಲಿ ಚಿಗುರಿದವು. ಮಿಸಿಸಿಪ್ಪಿಯ ಮೌಂಡ್ ಬಯೂ ಎಂಬಲ್ಲಿ ಡಾ. ಜಾಕ್ ಗೈಗರ್ ಹಸಿದ ಮಕ್ಕಳಿಗೆ ಚೀಟಿಯಲ್ಲಿ ಔಷಧದ ಬದಲು ಊಟದ ಸಾಮಾನು ಬರೆದುಕೊಟ್ಟು, ಅಂಗಡಿಯ ಬಿಲ್ಲನ್ನು ಔಷಧದ ಖಾತೆಗೆ ಹಾಕಿದರು. ಮೇಲಿನವರು ತಕರಾರು ತೆಗೆದಾಗ, ಅಪೌಷ್ಟಿಕತೆಗೆ ಮದ್ದು ಆಹಾರವೇ ಅಲ್ಲವೇ ಎಂದು ವಾದಿಸಿದರು.

ನಮ್ಮಲ್ಲೂ ಧೈರ್ಯದ ಪ್ರಯೋಗ ಆಗಿದೆ. 1996ರಲ್ಲಿ ಯಳಂದೂರು ತಾಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸರ್ಕಾರ ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್‌ಗೆ ವಹಿಸಿತು. ಕಟ್ಟಡ, ಅನುದಾನ ಸರ್ಕಾರದ್ದು. ನಡೆಸುವ ಹೊಣೆ ಟ್ರಸ್ಟಿನದು.

15ನೇ ಹಣಕಾಸು ಆಯೋಗ 2021–22ರಿಂದ 2025–26ರ ಐದು ವರ್ಷಗಳಿಗೆ, ಆರೋಗ್ಯಕ್ಕೆಂದೇ ಸ್ಥಳೀಯ ಸಂಸ್ಥೆಗಳ ಮೂಲಕ ಖರ್ಚು ಮಾಡಲು ದೇಶಕ್ಕೆ ಶಿಫಾರಸು ಮಾಡಿದ ಮೊತ್ತ 70,051 ಕೋಟಿ ರೂಪಾಯಿ. ಸ್ವಂತ ಕಟ್ಟಡವಿಲ್ಲದ ಉಪಕೇಂದ್ರಕ್ಕೆ ಸೂರು ಕಟ್ಟುವುದೂ ಅದರಲ್ಲಿ ಸೇರಿತ್ತು.

ಕೊನೆಯದು, ಎಲ್ಲಕ್ಕಿಂತ ಸಣ್ಣ ಮೊತ್ತ. ನಿಮ್ಮ ಹಳ್ಳಿಯ ‘ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ’ಗೆ ವರ್ಷಕ್ಕೆ 10,000 ರೂಪಾಯಿವರೆಗೆ ಅನುದಾನವಿದೆ, ಅಂದರೆ ತಿಂಗಳಿಗೆ 833 ರೂಪಾಯಿ. ರವಿವಾರ ಪೇಟೆಯಲ್ಲಿ ಐವತ್ತು ಕಿಲೋ ಅಕ್ಕಿಯೂ ಬಾರದು! ಆದರೂ ಇದನ್ನು ಎಲ್ಲಿ ಖರ್ಚು ಮಾಡಬೇಕೆಂದು ಊರೇ ತೀರ್ಮಾನಿಸಬಹುದು: ಗಟಾರ ಬಳಿಸುವುದಕ್ಕೋ, ಬಡ ರೋಗಿಯನ್ನು ಆಸ್ಪತ್ರೆಗೆ ಸಾಗಿಸುವುದಕ್ಕೋ. ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿರುತ್ತಾರೆ, ಆಶಾ ಕಾರ್ಯಕರ್ತೆ ಇರುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ಆ ಪಾಸ್‌ಬುಕ್ ತೋರಿಸಿ ಎಂದು ಕೇಳಿ. ಕೇಳುವ ಹಕ್ಕು ನಿಮ್ಮದೇ.